ಕೋಶ, ನಾರುಗಳ ನಡುವಿನ ‘ಗ್ರೌಂಡ್ ಸಬ್‌ಸ್ಟೆನ್ಸ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಕಾಸರಗೋಡಿನ ಬದಿಯಡ್ಕ ಕಡೆಯ ಕನ್ನಡ ಮಾಧ್ಯಮದ ಮಕ್ಕಳಿಗೆ ಜೀವಶಾಸ್ತ್ರದ ಟಿಪ್ಪಣಿ ಬರೆಯುತ್ತಿದ್ದೇನೆ. ದೇಹದ ಭಾಗಗಳನ್ನು ಜೋಡಿಸಿ ಹಿಡಿಯುವ ಸಂಯೋಜಕ ಅಂಗಾಂಶದ (ಕನೆಕ್ಟಿವ್ ಟಿಶ್ಯೂ) ಚಿತ್ರದಲ್ಲಿ ಒಂದು ಬಾಣ ಬಿಳಿ ಜಾಗಕ್ಕೆ ಹೋಗಿ ನಿಲ್ಲುತ್ತದಲ್ಲ, ಅದಕ್ಕೊಂದು ಹೆಸರು ಬೇಕು. ಆ ಜಾಗ ಖಾಲಿ ಅಲ್ಲ. ಸ್ಲೈಡ್ ತಯಾರಿಸುವಾಗ ಅಲ್ಲಿದ್ದದ್ದು ಹೆಚ್ಚಿನಂಶ ತೊಳೆದು ಹೋಗಿರುತ್ತದೆ, ಅಷ್ಟೇ.

ಕೆಲವರು ಮಾತೃಕೆ ಅಂತ ಬರೆದುಬಿಡುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಮಾತೃಕೆ ಅಂದರೆ ಮ್ಯಾಟ್ರಿಕ್ಸ್, ಕೋಶಗಳ ಸುತ್ತ ಇರುವುದೆಲ್ಲ; ಅದರಲ್ಲಿ ಕೊಲಾಜನ್‌ನಂಥ ನಾರುಗಳೂ ಸೇರಿದವು. ನಾರು ಬಿಟ್ಟು ಉಳಿದದ್ದಕ್ಕೆ ಬೇರೆ ಪದ ಬೇಕಲ್ವಾ? ‘ಮೂಲದ್ರವ್ಯ’ ಅಂದರೆ ಮಕ್ಕಳಿಗೆ ರಸಾಯನಶಾಸ್ತ್ರದ ಮೂಲವಸ್ತು ನೆನಪಾಗುತ್ತದೆ. ‘ಆಧಾರದ್ರವ್ಯ’ ಪರವಾಗಿಲ್ಲ, ಆದರೆ ದ್ರವ್ಯವನ್ನು ದ್ರವ ಅಂತ ಓದುವವರೇ ಜಾಸ್ತಿ. ಮಲಯಾಳದವರು ಅಂಗಾಂಶಕ್ಕೆ ಚಿಕ್ಕದಾಗಿ ‘ಕಲ’ ಅನ್ನುತ್ತಾರೆ, ಸಂಯೋಜಕ ಅಂಗಾಂಶ ಅವರಿಗೆ ‘ಯೋಜಕ ಕಲ’. ನಾವು ಹಾಗೆ ಮಾಡಿದರೆ ಬಟ್ಟೆಯ ಕಲೆ ಆಗಿಬಿಡುತ್ತದೆ!

ನೋಡಲು ಹೋದರೆ ಇದು ನೀರು ಹಿಡಿದ ಲೋಳೆ. ಸಕ್ಕರೆಯ ಉದ್ದುದ್ದ ಸರಪಳಿಗಳು ನೀರನ್ನು ಎಳೆದು ಇಟ್ಟುಕೊಳ್ಳುತ್ತವೆ, ನೆನೆಹಾಕಿದ ಕಾಮಕಸ್ತೂರಿ ಬೀಜದ ಸುತ್ತ ಲೋಳೆ ಕಟ್ಟುವ ಹಾಗೆ. ಈಗ ಮುಖದ ಕ್ರೀಮುಗಳ ಮೇಲೆಲ್ಲ ಕಾಣುವ ಹೈಯಲುರಾನಿಕ್ ಆಮ್ಲ ಅಂಥದ್ದೇ ಒಂದು ಸರಪಳಿ. 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಅದನ್ನು ಮೊದಲು ಬೇರ್ಪಡಿಸಿದ್ದೂ ದನದ ಕಣ್ಣಿನೊಳಗಿನ ಲೋಳೆಯಿಂದಲೇ. ರಕ್ತನಾಳದಿಂದ ಹೊರಟ ಆಮ್ಲಜನಕ, ಆಹಾರ ಎಲ್ಲ ಇದನ್ನು ದಾಟಿಯೇ ಕೋಶಕ್ಕೆ ಮುಟ್ಟಬೇಕು. ಹಾವಿನ ವಿಷದಲ್ಲಿ ಹೈಯಲುರಾನಿಡೇಸ್ ಅಂತ ಒಂದು ಕಿಣ್ವ ಇರುತ್ತದೆ, ಅದು ಈ ಲೋಳೆಯನ್ನು ಸಡಿಲಿಸಿ ವಿಷಕ್ಕೆ ದಾರಿ ಬಿಡುತ್ತದೆ. ಅಡಿಕೆ ತೋಟದಲ್ಲಿ ಓಡಾಡುವ ಮಕ್ಕಳಿಗೆ ಈ ಮಾತು ಹೇಳಿದರೆ ಉಳಿದದ್ದು ತಾನಾಗಿ ತಲೆಗೆ ಹತ್ತುತ್ತದೆ.

ಹಾಗಾಗಿ ‘ಎಡೆಲೋಳೆ’ ಅನ್ನೋಣವೇ ಅಂತ ಯೋಚನೆ. ಎಡೆ ಅಂದರೆ ನಡುವಿನ ಜಾಗ, ದೇವರಿಗೆ ಇಡುವ ಎಡೆ ಅಲ್ಲ. ತೊಡಕು ಏನೆಂದರೆ ಮೃದ್ವಸ್ಥಿಯಲ್ಲಿ (ಕಾರ್ಟಿಲೇಜ್) ಇದು ಗಟ್ಟಿ, ಮೂಳೆಯಲ್ಲಿ ಕ್ಯಾಲ್ಸಿಯಂ ಲವಣ ಸೇರಿ ಇನ್ನೂ ಬಿರುಸು, ರಕ್ತದಲ್ಲಿ ಅದರ ದ್ರವಭಾಗವಾದ ಪ್ಲಾಸ್ಮಾವನ್ನೇ ಇದರ ಜಾಗದಲ್ಲಿ ಲೆಕ್ಕ ಹಿಡಿಯುತ್ತಾರೆ. ಅಲ್ಲೆಲ್ಲ ಲೋಳೆ ಅಂದರೆ ಸರಿಹೋಗುತ್ತದಾ? ‘ಎಡೆವಸ್ತು’ ಎಲ್ಲದಕ್ಕೂ ಒಗ್ಗುತ್ತದೆ, ಆದರೆ ಸಪ್ಪೆ.

ವೈದ್ಯಕೀಯ ಓದಿದವರು, ಪಠ್ಯಪುಸ್ತಕ ಕನ್ನಡಕ್ಕೆ ತಂದವರು ಇಲ್ಲಿದ್ದರೆ ನೀವು ಏನು ಬಳಸುತ್ತೀರಿ ಅಂತ ದಯವಿಟ್ಟು ತಿಳಿಸಿ. ಸುಮ್ನೆ ಇಂಗ್ಲಿಷ್ ಪದವನ್ನೇ ಇಡಿ ಅನ್ನುವವರೂ ಕಾರಣ ಹೇಳಿ.