ಮಳೆ ಪರಿಹಾರದ ಪಟ್ಟಿ ಕೇಳಿದರೆ ‘ವೈಯಕ್ತಿಕ ಮಾಹಿತಿ’ ಅಂತ ಹಿಂಬರಹ

ಗದ್ದೆಬದಿ:
ಮಳೆಗೆ ಮನೆ ಬಿದ್ದವರಿಗೆ ಕೊಟ್ಟ ಪರಿಹಾರದ ಪಟ್ಟಿ ಕೇಳಿ ಕೊಡಗಿನ ಒಂದು ತಾಲೂಕು ಕಚೇರಿಗೆ ಆರ್‌ಟಿಐ ಅರ್ಜಿ ಹೋಗಿತ್ತು. ಹೆಸರು, ಮೊತ್ತ, ಆಧಾರ್, ಬ್ಯಾಂಕ್ ಖಾತೆ ಎಲ್ಲ ಕೇಳಿದ್ದು. ಮಾಹಿತಿ ಹಕ್ಕು ಕಾಯ್ದೆಯಲ್ಲಿ ವೈಯಕ್ತಿಕ ಮಾಹಿತಿಗೆ ವಿನಾಯಿತಿ ಕೊಡುವ ಕಲಂ ಹಿಡಿದು, ‘8(1)(ಜೆ) ಪ್ರಕಾರ ಕೊಡಲು ಬರುವುದಿಲ್ಲ’ ಎಂದು ಒಂದೇ ಸಾಲಿನ ಹಿಂಬರಹ. ಮೇಲ್ಮನವಿಯೋ, ಹೊಸ ಅರ್ಜಿಯೋ?

ಹಳೇಕಡತ:
ಎರಡೂ ಹಾಕಿ. ಆಧಾರ್, ಖಾತೆ ಸಂಖ್ಯೆ ಕೇಳಿದ್ದೇ ಎಡವಟ್ಟು. ತಿರಸ್ಕರಿಸಲು ನೀವೇ ನೆಪ ಕೊಟ್ಟ ಹಾಗಾಯ್ತು.

ಮೊದಲು 8(1)(ಜೆ)ಯೊಳಗೇ ‘ಸಾರ್ವಜನಿಕ ಹಿತಾಸಕ್ತಿ ಇದ್ದರೆ ಕೊಡಬಹುದು’ ಎಂಬ ಮಾತಿತ್ತು. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯ 44(3) ಅದನ್ನು ಕಿತ್ತುಹಾಕಿತು, 2025ರ ನವೆಂಬರ್‌ನಲ್ಲಿ ಜಾರಿಗೂ ಬಂತು. ಆದರೆ 8(2) ಹಾಗೇ ಇದೆ: ಹಾನಿಗಿಂತ ಜನಹಿತ ದೊಡ್ಡದಾದರೆ ಮಾಹಿತಿ ಕೊಡಬಹುದು. ಅರ್ಜಿಗೆ ಕಾರಣ ಹೇಳಬೇಕಿಲ್ಲ ನಿಜ, ಮೇಲ್ಮನವಿಯಲ್ಲಿ ಮಾತ್ರ ಜನಹಿತ ಏನೆಂದು ಬಿಡಿಸಿ ಬರೆಯಿರಿ. ಜೊತೆಗೆ ಕಲಂ 10 ಎತ್ತಿ: ಕೊಡಬಾರದ್ದಕ್ಕೆ ಮಸಿ ಬಳಿದು ಉಳಿದದ್ದನ್ನು ಕೊಡಬೇಕು. 7(8) ಪ್ರಕಾರ ಹಿಂಬರಹದಲ್ಲಿ ಕಾರಣ, ಮೇಲ್ಮನವಿಯ ಅವಧಿ, ಪ್ರಾಧಿಕಾರಿಯ ವಿವರ ಇರಲೇಬೇಕು. ಒಂದೇ ಸಾಲಿನಲ್ಲಿ ಅವು ಎಲ್ಲಿ ಹಿಡಿಸುತ್ತವೆ? ಹಿಂಬರಹ ಕೈಸೇರಿದ 30 ದಿನದೊಳಗೆ ಹಾಕಿ.

ಕಾಫಿಕಣ:
ಹೊಸ ಅರ್ಜಿ 150 ಪದ ದಾಟದಿರಲಿ, ವಿಷಯ ಒಂದೇ ಇರಲಿ. ಕರ್ನಾಟಕದ ನಿಯಮದಲ್ಲಿ ಅರ್ಜಿ ತಿರಸ್ಕರಿಸಲು ಇವೇ ತಾಂತ್ರಿಕ ನೆಪ. 10 ರೂಪಾಯಿ ಪೋಸ್ಟಲ್ ಆರ್ಡರ್ ಸಾಕು. ಕೇಳಬೇಕಾದದ್ದು: ಗ್ರಾಮ, ಸರ್ವೆ ನಂಬರ್, ಫಲಾನುಭವಿಯ ಹೆಸರು, ಹಾನಿಯ ವರ್ಗ (ಎ, ಬಿ, ಸಿ), ಮಂಜೂರಾದ ಮೊತ್ತ, ಕಂತಿನ ದಿನಾಂಕ, ಸ್ಥಳ ಮಹಜರಿನ ಪ್ರತಿ.

ಸರ್ವೆ ನಂಬರ್ ಬಿಡಲೇಬೇಡಿ. ಜಮ್ಮಾ ಜಾಗದಲ್ಲಿ (ಕೊಡಗಿನ ವಂಶಪಾರಂಪರ್ಯ ಹಿಡುವಳಿ) ಎಷ್ಟೋ ಕಡೆ ಆರ್‌ಟಿಸಿಯಲ್ಲಿ (ಪಹಣಿ) ಕುಟುಂಬದ ಹಿರಿಯರಾದ ಪಟ್ಟೆದಾರರ ಹೆಸರು, ಮನೆಯಲ್ಲಿರುವವರು ಒಕ್ಕದ, ಅಂದರೆ ಅದೇ ಮನೆತನದ, ಬೇರೆಯವರು. ಬರೀ ಹೆಸರಿನ ಪಟ್ಟಿ ಹಿಡಿದರೆ ಮಹಜರಿಗೆ ತಾಳೆಯೇ ಆಗಲ್ಲ.

ಹಳೇಕಡತ:
ಒಳ್ಳೆಯ ಮಾತು. ಸಬ್ಸಿಡಿ ಯೋಜನೆಗಳಿಗಾದರೆ 4(1)(ಬಿ)(xii) ಪ್ರಕಾರ ಫಲಾನುಭವಿಗಳ ವಿವರವನ್ನು ಕಚೇರಿಯೇ ಪ್ರಕಟಿಸಬೇಕು. ಕಾಫಿ ಮಂಡಳಿಯ ಸಬ್ಸಿಡಿ ಕೇಳುವವರು ಎಚ್ಚರ: ಅದು ಕೇಂದ್ರದ್ದು, ಎರಡನೇ ಮೇಲ್ಮನವಿ ದೆಹಲಿಯ ಕೇಂದ್ರ ಮಾಹಿತಿ ಆಯೋಗಕ್ಕೆ, ಬೆಂಗಳೂರಿನ ರಾಜ್ಯ ಆಯೋಗಕ್ಕಲ್ಲ.

ಗದ್ದೆಬದಿ:
ಹಿಂಬರಹ ಬಂದು 22 ದಿನ ಆಗಿದೆ. ಮೇಲ್ಮನವಿ ನಾಳೆಯೇ ಸ್ಪೀಡ್ ಪೋಸ್ಟಿಗೆ.