ನಾಟಕ ತಂಡದ ನಿರ್ವಹಣೆಯನ್ನೇ ವೃತ್ತಿ ಮಾಡಿಕೊಳ್ಳಲು ಎಲ್ಲಿ ಕಲಿಯಬೇಕು, ಎಲ್ಲಿಂದ ಶುರು ಮಾಡಬೇಕು?

ಹೊಸತೆರೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಹವ್ಯಾಸಿ ತಂಡದಲ್ಲಿದ್ದೇನೆ. ಹಾಲ್ ಬುಕಿಂಗ್, ಟಿಕೆಟ್, ಟೆಂಪೊ, ತಿಂಡಿ, ಪ್ರೆಸ್‌ನೋಟ್ ಎಲ್ಲ ನನ್ನ ಪಾಲಿಗೇ ಬಂದಿದೆ. ನಟನೆಯ ಆಸೆ ಇಲ್ಲ, ಈ ಕೆಲಸವೇ ಹಿಡಿಸಿದೆ. ಕೈಯಿಂದ ಹಾಕಲು ದುಡ್ಡಂತೂ ಇಲ್ಲ. ಇದನ್ನೇ ವೃತ್ತಿ ಮಾಡಿಕೊಳ್ಳುವುದಾದರೆ ಯಾವ ಕೋರ್ಸ್ ಮಾಡಬೇಕು? ನನಗೂ ನಾಲ್ಕು ಕಾಸು ಸಿಗುವ ಹಾಗೆ ಬಜೆಟ್ ಹಾಕುವುದು ಹೇಗೆ? ಈಗಲೇ ಒಂದು ಟ್ರಸ್ಟ್ ಮಾಡಿಬಿಡಲೇ?

ಲೆಕ್ಕದಪುಸ್ತಕ

ಎರಡನೇ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಅದು ಗೊತ್ತಾಗದೆ ಯಾವ ಕೋರ್ಸ್ ಮಾಡಿದರೂ ಉಪಯೋಗವಿಲ್ಲ.

ನಮ್ಮ ತಂಡಗಳ ಬಜೆಟ್ ಒಂದೇ ಹಾಳೆಯಲ್ಲಿರುತ್ತದೆ. ಅದನ್ನು ಎರಡು ಮಾಡಿ. ಒಂದು, ನಾಟಕ ಕಟ್ಟುವ ಖರ್ಚು. ಇನ್ನೊಂದು, ಪ್ರತಿ ಪ್ರದರ್ಶನದ ಖರ್ಚು. ಲೆಕ್ಕಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ, ನಿಮ್ಮ ತಂಡದ ದರ ಹಾಕಿ ಬದಲಾಯಿಸಿಕೊಳ್ಳಿ. 40 ದಿನದ ರಿಹರ್ಸಲ್ ಜಾಗ, ಕಾಫಿ-ತಿಂಡಿ 48,000. ರಂಗಸಜ್ಜಿಕೆ, ಪರಿಕರ 55,000. ವಸ್ತ್ರ 30,000. ಸಂಗೀತ 20,000. ನಿರ್ದೇಶಕರು, ವಿನ್ಯಾಸಕರ ಗೌರವಧನ 50,000. ಪೋಸ್ಟರ್, ಫೋಟೊ, ವಿಡಿಯೊ 17,000. ಒಟ್ಟು 2,20,000 ರೂಪಾಯಿ. ಇದು ಒಮ್ಮೆ ಮಾತ್ರ.

ಇನ್ನು ಪ್ರತಿ ಷೋಗೆ: ರಂಗಮಂದಿರ 12,000, ಹೆಚ್ಚುವರಿ ಲೈಟು 6,000, ಟೆಂಪೊ ಮತ್ತು ಲೋಡಿಂಗ್ 5,000, ಮೇಕಪ್ 4,000, ಊಟ-ತಿಂಡಿ 3,500, ಹನ್ನೆರಡು ಜನಕ್ಕೆ ತಲಾ ಸಾವಿರದಂತೆ 12,000, ನಾಟಕಕಾರರ ರಾಯಧನ (ರಾಯಲ್ಟಿ) 1,500, ಪ್ರಚಾರ 3,000. ಒಟ್ಟು 47,000.

320 ಸೀಟಿನ ಹಾಲ್ ಅಂದುಕೊಳ್ಳಿ. ಶೇ. 60 ತುಂಬಿದರೆ 192 ಜನ, ಅದರಲ್ಲಿ 22 ಪಾಸು. 170 ಟಿಕೆಟ್, 200 ರೂಪಾಯಿಯಂತೆ 34,000. ಕಟ್ಟಿದ ಖರ್ಚಿನ ಮಾತು ಬಿಡಿ, ಅವತ್ತಿನ ಖರ್ಚೇ ಗಿಟ್ಟದೆ 13,000 ಕೈಬಿಟ್ಟಿತು. ಗಿಟ್ಟಬೇಕಾದರೆ 235 ಟಿಕೆಟ್ ಮಾರಬೇಕು. ‘ಹೌಸ್‌ಫುಲ್ ಆಯ್ತಲ್ಲ, ದುಡ್ಡೆಲ್ಲಿ ಹೋಯ್ತು’ ಎಂಬ ಜಗಳ ಹುಟ್ಟುವುದು ಈ ಲೆಕ್ಕ ಯಾರ ಹತ್ತಿರವೂ ಇಲ್ಲದ ತಂಡಗಳಲ್ಲಿ.

ಹಾಗಾದರೆ 2,20,000 ವಾಪಸ್ ಬರುವುದು ಎಲ್ಲಿಂದ? ಬೇರೆಯವರು ಕರೆಸುವ ಷೋಗಳಿಂದ. ಹಾಲ್ ಮತ್ತು ಪ್ರಚಾರ ಕರೆಸಿದವರದ್ದು, ಆಗ ನಿಮ್ಮ ಖರ್ಚು 32,000. ಪರವೂರಿನ ಓಡಾಟಕ್ಕೆ 15,000 ಸೇರಿಸಿ, 47,000. ಅವರಿಂದ 65,000 ತೆಗೆದುಕೊಂಡರೆ ಷೋಗೆ 18,000 ಉಳಿಯುತ್ತದೆ. ಅಂಥ ಹದಿಮೂರು ಷೋ ಆದರೆ ಹಾಕಿದ ದುಡ್ಡು ಬಂತು. ನಿಮ್ಮ ಸಂಭಾವನೆ ಅಂತ ಷೋಗೆ 5,000 ಬರೆದುಕೊಂಡರೆ ಹದಿಮೂರು ಹೋಗಿ ಹದಿನೇಳಾಗುತ್ತದೆ. ಆ ಹದಿನೇಳು ಷೋ ತರುವವರೇ ನಿಜವಾದ ಅರ್ಥದಲ್ಲಿ ನಿರ್ವಾಹಕರು. ಮೊದಲ ಪ್ರದರ್ಶನ ಯಾರು ಬೇಕಾದರೂ ಮಾಡುತ್ತಾರೆ.

ನಿಮ್ಮ 5,000 ಖರ್ಚಿನ ಕಡೆಯೇ ಇರಲಿ. ‘ಲಾಭದಲ್ಲಿ ಶೇ. 20’ ಅಂತ ಒಪ್ಪಿಕೊಂಡರೆ ವರ್ಷವಿಡೀ ಪುಕ್ಕಟೆ ದುಡಿದ ಹಾಗೆ.

ಇನ್ನೊಂದು ಹಾಳೆ ಬೇಕು: ದುಡ್ಡು ಹೋಗುವ ದಿನ, ಬರುವ ದಿನ. ಹಾಲ್ ಬಾಡಿಗೆ ಮುಂಗಡ ಹೋಗುತ್ತದೆ, ಆನ್‌ಲೈನ್ ಟಿಕೆಟ್ ಹಣ ಷೋ ಮುಗಿದ ಮೇಲೆ ಬರುತ್ತದೆ, ಸರ್ಕಾರದ ಧನಸಹಾಯ ಬರುವಷ್ಟರಲ್ಲಿ ನಾಟಕವೇ ಹಳೆಯದಾಗಿರುತ್ತದೆ. ಬಜೆಟ್ ಸರಿಯಿದ್ದೂ ತಂಡಗಳು ಸಾಲಕ್ಕೆ ಬೀಳುವುದು ಈ ನಡುವಿನ ಅಂತರದಲ್ಲಿ.

ಸೈಡ್‌ವಿಂಗ್

ಕೋರ್ಸ್ ವಿಚಾರ. ನಾಟಕ ನಿರ್ವಹಣೆಗೇ ಮೀಸಲಾದದ್ದು ನಮ್ಮಲ್ಲಿ ಬಹಳ ಕಮ್ಮಿ. ಮೊದಲು ನೋಡಬೇಕಾದ್ದು ಸ್ಮಾರ್ಟ್, ಅಂದರೆ ಸ್ಟ್ರಾಟೆಜಿಕ್ ಮ್ಯಾನೇಜ್‌ಮೆಂಟ್ ಇನ್ ದಿ ಆರ್ಟ್ ಆಫ್ ಥಿಯೇಟರ್. ಇಂಡಿಯಾ ಥಿಯೇಟರ್ ಫೋರಂ, ಬೆಂಗಳೂರಿನ ಇಂಡಿಯಾ ಫೌಂಡೇಷನ್ ಫಾರ್ ದಿ ಆರ್ಟ್ಸ್ ಮತ್ತು ಜುನೂನ್ ಎಂಬ ರಂಗಸಂಸ್ಥೆ ಸೇರಿ 2015ರಲ್ಲಿ ಶುರು ಮಾಡಿದ್ದು. ರೂಪಿಸಿದ್ದೇ ತಂಡಗಳಿಗಾಗಿ, ಆದ್ದರಿಂದ ನೀವೊಬ್ಬರೇ ಹೋಗುವ ಬದಲು ತಂಡದ ಪರವಾಗಿ ಅರ್ಜಿ ಹಾಕಿ. ಎಲ್ಲ ಕಾಲಕ್ಕೂ ತೆರೆದಿರುವುದಿಲ್ಲ, ಪ್ರಕಟಣೆಗೆ ಕಾಯಬೇಕು.

ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ (1980ರಿಂದ ಇದೆ), ಮೈಸೂರು ರಂಗಾಯಣದ ರಂಗಶಾಲೆ, ಎನ್‌ಎಸ್‌ಡಿಯ (ರಾಷ್ಟ್ರೀಯ ನಾಟಕ ಶಾಲೆ) ಬೆಂಗಳೂರು ಕೇಂದ್ರ ಇವೆಲ್ಲ ನಟನೆ ಮತ್ತು ರಂಗತಂತ್ರದ ಶಿಕ್ಷಣ. ನಿರ್ವಹಣೆ ಅಲ್ಲಿ ಪಕ್ಕದ ವಿಷಯ. ಒಂದು ವರ್ಷ ಕೊಡಲು ಸಾಧ್ಯವಿದ್ದರೆ ನಷ್ಟವೇನಿಲ್ಲ, ಸಜ್ಜಿಕೆ ಕಟ್ಟಲು ಎಷ್ಟು ಹೊತ್ತು ಬೇಕೆಂದು ಗೊತ್ತಿಲ್ಲದವರು ರಂಗಮಂದಿರವನ್ನು ಎಷ್ಟು ಗಂಟೆಗೆ ಹಿಡಿಯಬೇಕೆಂದು ಹೇಗೆ ಹೇಳುತ್ತಾರೆ? ಆದರೆ ನಿಮ್ಮ ಗುರಿಗೆ ಅದು ಸುತ್ತುದಾರಿ.

ನನ್ನ ಅಭಿಪ್ರಾಯದಲ್ಲಿ ಹತ್ತಿರದ ದಾರಿ ಮೂರು ಕಡೆ ಕೆಲಸ. ಒಂದು, ಒಂದು ರಂಗಮಂದಿರದ ಒಳಗೆ. ರಂಗಶಂಕರದಂಥ ಕಡೆ ಸಂಜೆ ಏಳೂವರೆಗೆ ಮೂರನೇ ಬೆಲ್ ಆದ ಮೇಲೆ ಯಾರನ್ನೂ ಒಳಗೆ ಬಿಡುವುದಿಲ್ಲ ಎಂಬ ಒಂದು ನಿಯಮ ನಿಲ್ಲಬೇಕಾದರೆ ಬಾಕ್ಸ್ ಆಫೀಸ್, ಗೇಟು, ಬ್ಯಾಕ್‌ಸ್ಟೇಜ್ ಮೂರೂ ಹೇಗೆ ಹೊಂದಿಕೊಂಡಿರಬೇಕು ಎಂದು ಒಂದು ತಿಂಗಳಲ್ಲಿ ಗೊತ್ತಾಗುತ್ತದೆ. ಎರಡು, ಒಂದು ಉತ್ಸವ. ಮೈಸೂರು ರಂಗಾಯಣದ ಬಹುರೂಪಿಯಂಥ ಉತ್ಸವದಲ್ಲಿ ಅತಿಥಿ ತಂಡಗಳ ಜವಾಬ್ದಾರಿ ಕೇಳಿ ತೆಗೆದುಕೊಳ್ಳಿ: ರೈಲು, ರೂಮು, ಟೆಕ್ನಿಕಲ್ ಪಟ್ಟಿ, ಪಾವತಿ. ಹತ್ತು ತಂಡಗಳ ನಿರ್ವಾಹಕರ ಕೆಲಸದ ರೀತಿ ಒಟ್ಟಿಗೇ ಸಿಗುತ್ತದೆ, ಅವರ ಪರಿಚಯವೂ ಆಗುತ್ತದೆ. ಮೂರು, ಒಂದು ಸಂಚಾರಿ ತಂಡ. ನೀನಾಸಂ ತಿರುಗಾಟ 1985ರಿಂದ, ಸಾಣೇಹಳ್ಳಿಯ ಶಿವಸಂಚಾರ 1997ರಿಂದ ಊರೂರು ಸುತ್ತುತ್ತಿವೆ. ಕರ್ನಾಟಕದಲ್ಲಿ ಯಾವ ಊರಲ್ಲಿ ನಾಟಕ ನಡೆಯುತ್ತದೆ, ಅಲ್ಲಿ ಕರೆಸುವವರು ಯಾರು ಎಂಬ ನಕ್ಷೆ ಇರುವುದು ಅಂಥವರ ತಲೆಯಲ್ಲಿ.

ಯಕ್ಷಗಾನ ಮೇಳಗಳ ಮ್ಯಾನೇಜರುಗಳನ್ನೂ ಗಮನಿಸಿ. ದೀಪಾವಳಿ ಆಸುಪಾಸಿನಿಂದ ಪತ್ತನಾಜೆಯವರೆಗೆ (ಮೇ ಕೊನೆಯ ಹೊತ್ತಿಗೆ) ದಿನಕ್ಕೊಂದು ಊರಿನಂತೆ ಆಟ ನಿಗದಿ ಮಾಡುವುದು ಯಾವ ಕೋರ್ಸಿನಲ್ಲೂ ಸಿಗದ ವಿದ್ಯೆ. ಕಲಾವಿದರನ್ನು ಇಡೀ ತಿರುಗಾಟಕ್ಕೆ ಗೊತ್ತು ಮಾಡಿಕೊಳ್ಳುವ ಅವರ ಪದ್ಧತಿ ನಮ್ಮ ಹವ್ಯಾಸಿ ತಂಡಗಳಿಗೆ ಇನ್ನೂ ಬಂದಿಲ್ಲ.

ಕರಾರುಪತ್ರ

ನಾಟಕಕೃತಿಯ ಹಕ್ಕಿನ ವಿಷಯ ಯಾರೂ ಎತ್ತಲಿಲ್ಲ. ‘ಫೋನಿನಲ್ಲಿ ಕೇಳಿದ್ದೆ, ಮಾಡಿ ಅಂದರು’ ಎಂಬುದು ಅನುಮತಿಯಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಪರವಾನಗಿ ಬರಹದಲ್ಲಿರಬೇಕು. ಎಷ್ಟು ಕಾಲಕ್ಕೆ ಎಂದು ಬರೆಯದಿದ್ದರೆ ಐದು ವರ್ಷ, ಎಲ್ಲಿಗೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದು ಲೆಕ್ಕ. ಅಮೆರಿಕದ ಕನ್ನಡ ಕೂಟ ಕರೆಸಿದಾಗ ಆ ಕಾಗದ ಸಾಲುವುದಿಲ್ಲ. ಷೋಗೆ ಎಷ್ಟು ರಾಯಧನ, ಯಾವಾಗ ಪಾವತಿ, ವಿಡಿಯೊ ಯೂಟ್ಯೂಬಿಗೆ ಹಾಕಬಹುದೇ, ಸಂಭಾಷಣೆ ಕತ್ತರಿಸಬಹುದೇ ಇವಿಷ್ಟೂ ಒಂದು ಪುಟದಲ್ಲಿ ಬರಲಿ.

ಅನುವಾದವಾದರೆ ಮೂಲ ಲೇಖಕರು, ಅನುವಾದಕರು ಇಬ್ಬರ ಒಪ್ಪಿಗೆಯೂ ಬೇಕು. ಲೇಖಕರು ತೀರಿಕೊಂಡ ಮರುವರ್ಷದ ಜನವರಿಯಿಂದ 60 ವರ್ಷ ಹಕ್ಕು ವಾರಸುದಾರರದ್ದು. ಕೈಲಾಸಂ ತೀರಿಕೊಂಡದ್ದು 1946ರಲ್ಲಿ, ಅವರ ಜೀವಿತಕಾಲದಲ್ಲಿ ಪ್ರಕಟವಾದ ನಾಟಕಗಳ ಹಕ್ಕು 2006ರ ಕೊನೆಗೆ ಮುಗಿದಿದೆ. ಮರಣಾನಂತರ ಮೊದಲ ಸಲ ಪ್ರಕಟವಾದದ್ದಕ್ಕೆ ಪ್ರಕಟಣೆಯ ವರ್ಷದಿಂದ ಎಣಿಸಬೇಕು.

ಹವ್ಯಾಸಿಗಳಿಗೆ ಅನುಮತಿ ಬೇಡ ಎಂಬ ಮಾತು ಚಾಲ್ತಿಯಲ್ಲಿದೆ. ಅದು ಅರ್ಧ ಮಾತ್ರ ನಿಜ. ಹವ್ಯಾಸಿ ಸಂಘ, ದುಡ್ಡು ಕೊಡದ ಪ್ರೇಕ್ಷಕರು ಎರಡೂ ಸೇರಿದರೆ ವಿನಾಯಿತಿ ಇದೆ, ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ಆಡಿದರೂ ಇದೆ. ಟಿಕೆಟ್ ಇಟ್ಟ ಮಾಮೂಲಿ ಷೋಗೆ ಇಲ್ಲ. ನಾಟಕದ ನಡುವೆ ಸಿನಿಮಾ ಹಾಡಿನ ರೆಕಾರ್ಡ್ ಹಾಕಿದರೆ ಹಾಡಿನ ಹಕ್ಕು, ರೆಕಾರ್ಡಿಂಗಿನ ಹಕ್ಕು ಬೇರೆ ಬೇರೆ, ಅದೂ ನೆನಪಿರಲಿ.

ಹೊಸತೆರೆ

ಎಲ್ಲರಿಗೂ ಧನ್ಯವಾದ. @ಲೆಕ್ಕದಪುಸ್ತಕ, 200 ರೂಪಾಯಿ ಟಿಕೆಟನ್ನು 300 ಮಾಡಿ, ಪಾಸು ನಿಲ್ಲಿಸಿದರೆ ಆಗದೇ? ಇನ್ನು ಪರವೂರಿನ ಷೋಗೆ ಮುಂಚೆ ಏನೇನು ಕೇಳಿಕೊಳ್ಳಬೇಕು?

ಲೆಕ್ಕದಪುಸ್ತಕ

300ಕ್ಕೆ ಅದೇ 170 ಟಿಕೆಟ್ ಹೋದರೆ 51,000, ಷೋಗೆ 4,000 ಉಳಿಯಿತು. ಹೋಗುತ್ತದೆಯೇ ಎಂಬುದು ಬೇರೆ ಪ್ರಶ್ನೆ. ನಾಟಕದ ಟಿಕೆಟ್‌ಗೆ ತಲಾ 500 ರೂಪಾಯಿವರೆಗೆ ಜಿಎಸ್‌ಟಿ ಇಲ್ಲ, ಆ ಗೆರೆ ದಾಟುವ ಮುನ್ನ ಯೋಚಿಸಿ. ಪಾಸು ಪೂರ್ತಿ ನಿಲ್ಲಿಸಿ ಎಂದೇ ನನ್ನ ಸಲಹೆ. ನಟರ ಮನೆಯವರು ದುಡ್ಡು ಕೊಟ್ಟು ಬಂದರೇನು?

ಸೈಡ್‌ವಿಂಗ್

ಪಾಸಿನ ವಿಷಯ ಒಪ್ಪಲಾರೆ. 22 ಪಾಸಿನಲ್ಲಿ ಆರು ಮುಂದೆ ಷೋ ಕರೆಸಬಲ್ಲ ಕಾಲೇಜು, ಸಂಘಗಳವರಿಗೆ ಹೋದರೆ ಅದು ಪ್ರಚಾರದ ಖರ್ಚು. ಯಾರಿಗೆ ಕೊಟ್ಟಿರಿ, ಬಂದರೇ, ಆಮೇಲೆ ಫೋನ್ ಮಾಡಿದಿರೇ ಎಂದು ಬರೆದಿಡಿ. ಬರೆದಿಡದ ಪಾಸು ಮಾತ್ರ ದಂಡ.

ಲಾರಿಲೋಡ್

ಪರವೂರಿನ ಪ್ರಶ್ನೆಗೆ ಉತ್ತರ. ಮೊದಲು ಕರೆಂಟು. ಒಂದು ಕಿಲೊವಾಟ್‌ನ ಪಾರ್ ಲೈಟು (ವೇದಿಕೆಯ ಮಾಮೂಲಿ ದೊಡ್ಡ ದೀಪ) ಮೂವತ್ತು ಹಾಕಿದರೆ 30 ಕಿಲೊವಾಟ್. ಮೂರು ಫೇಸಿಗೆ ಸಮನಾಗಿ ಹಂಚಿದರೂ ಒಂದೊಂದರಲ್ಲಿ ಸುಮಾರು 43 ಆಂಪಿಯರ್. ಶಾಲೆಯ ಸಿಂಗಲ್ ಫೇಸ್ ಲೈನಿಗೆ ಇದನ್ನು ಹಾಕಿದರೆ ಮೊದಲ ಅಂಕದಲ್ಲೇ ಕತ್ತಲೆ. ಜನರೇಟರ್ ಆದರೆ 62.5 ಕೆವಿಎ ಕೇಳಿ, ಡೀಸೆಲ್ ಯಾರದ್ದು ಎಂದು ಮೊದಲೇ ಬರೆಸಿಕೊಳ್ಳಿ. ಎಲ್‌ಇಡಿ ಇದ್ದರೆ ಈ ತಲೆನೋವು ಬಹಳ ಕಮ್ಮಿ. ಧ್ವನಿಯ ಲೈನು ಲೈಟಿನ ಡಿಮ್ಮರ್ (ಬೆಳಕು ಏರಿಸಿ ಇಳಿಸುವ ಸಾಧನ) ಇರುವ ಫೇಸಿನಿಂದ ಬೇಡ, ಸ್ಪೀಕರಿನಲ್ಲಿ ಗುಂಯ್ ಅನ್ನುತ್ತದೆ.

ಆಮೇಲೆ ವೇದಿಕೆ. ‘ದೊಡ್ಡ ಸ್ಟೇಜ್ ಇದೆ ಸರ್’ ಎಂಬ ಮಾತನ್ನು ನಂಬಬೇಡಿ. ಅಗಲ, ಆಳ, ನೆಲದಿಂದ ಲೈಟು ಕಟ್ಟುವ ಪೈಪಿನ ಎತ್ತರ ಅಡಿಯಲ್ಲಿ ಬೇಕು. ಎದುರಿನಿಂದ, ಪಕ್ಕದಿಂದ ಮೊಬೈಲ್ ವಿಡಿಯೊ ತರಿಸಿಕೊಳ್ಳಿ. ಹಿಂದಿನಿಂದ ಈ ಬದಿಯಿಂದ ಆ ಬದಿಗೆ ಓಡಲು ಜಾಗ ಇದೆಯೇ, ಹೆಣ್ಣುಮಕ್ಕಳಿಗೆ ಬಾಗಿಲು ಹಾಕಿಕೊಳ್ಳುವಂಥ ಬೇರೆ ಕೋಣೆ, ಶೌಚಾಲಯ ಇದೆಯೇ ಕೇಳಿ. ಬಹಳ ಕಡೆ ನಾಟಕಕ್ಕೆ ಮುಂಚೆ ಸಭಾ ಕಾರ್ಯಕ್ರಮ ಇರುತ್ತದೆ. ಏಳಕ್ಕೆ ಅಂದದ್ದು ಒಂಬತ್ತೂವರೆಗೆ ಶುರುವಾಗುತ್ತದೆ, ಸಾಲದ್ದಕ್ಕೆ ಕಟ್ಟಿದ ಸಜ್ಜಿಕೆಯ ಮೇಲೇ ಗಣ್ಯರ ಕುರ್ಚಿ. ಸಭೆ ಬೇಕೇ ಬೇಕು ಎಂದರೆ ಎಷ್ಟು ನಿಮಿಷ, ವೇದಿಕೆಯ ಯಾವ ಭಾಗದಲ್ಲಿ ಎಂದು ಒಪ್ಪಂದದಲ್ಲಿ ಬರೆಯಿರಿ.

ದುಡ್ಡು: ಅರ್ಧ ದಿನಾಂಕ ಗೊತ್ತಾದಾಗ, ಉಳಿದರ್ಧ ಮೇಕಪ್ಪಿಗೆ ಕೂರುವ ಮೊದಲು. ಆಟ ಮುಗಿದ ಮೇಲೆ ಖಜಾಂಚಿ ಸಿಗುವುದಿಲ್ಲ. ಕರೆಸಿದ್ದು ಸಂಸ್ಥೆಯಾದರೆ ಟಿಡಿಎಸ್ (ಪಾವತಿಯಲ್ಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿಯಬಹುದು, ಪ್ಯಾನ್ ಮೊದಲೇ ಕೊಡಿ, ಇಲ್ಲದಿದ್ದರೆ ಶೇ. 20 ಹೋಗುತ್ತದೆ.

ತಾರೀಕು ಗೊತ್ತು ಮಾಡುವಾಗ ಮಳೆಗಾಲದಲ್ಲಿ ಬಯಲು ವೇದಿಕೆ ಬೇಡ. ಮಾರ್ಚ್ ಪರೀಕ್ಷೆಯ ತಿಂಗಳು. ನವೆಂಬರಿನಲ್ಲಿ ರಾಜ್ಯೋತ್ಸವದ ಗದ್ದಲ, ಕೇಳುವವರು ಬಹಳ, ಆದರೆ ಸರ್ಕಾರಿ ಹಾಲ್ ಸರ್ಕಾರಿ ಕಾರ್ಯಕ್ರಮಕ್ಕೆ ಹೋದರೆ ನಿಮ್ಮ ಬುಕಿಂಗ್ ರದ್ದಾಗಬಹುದು. ಬದಲಿ ಹಾಲ್ ಒಂದು ಗೊತ್ತಿರಲಿ.

ಕರಾರುಪತ್ರ

ಟ್ರಸ್ಟ್ ಪ್ರಶ್ನೆ ಉಳಿದಿತ್ತು. ನಿಮ್ಮ ಸಂಭಾವನೆಗಾಗಿ ಟ್ರಸ್ಟ್ ಬೇಡ. ನಿಮ್ಮ ಹೆಸರಿನಲ್ಲೇ ಬಿಲ್ ಕೊಟ್ಟು ರಿಟರ್ನ್ ಸಲ್ಲಿಸಿದರೆ ಸಾಕು. ಸಂಸ್ಥೆ ಬೇಕಾಗುವುದು ಧನಸಹಾಯ, ದೇಣಿಗೆ ಕೇಳುವಾಗ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಮಾಡಲು ಕನಿಷ್ಠ ಏಳು ಜನ ಬೇಕು, ಪ್ರತಿ ವರ್ಷ ಸರ್ವಸದಸ್ಯರ ಸಭೆ ನಡೆಸಿ ನೋಂದಣಾಧಿಕಾರಿಗೆ ಪಟ್ಟಿ, ಲೆಕ್ಕ ಸಲ್ಲಿಸಬೇಕು. ಇದನ್ನು ಬಿಟ್ಟು ಸುಮ್ಮನಾದ ಸಂಘಗಳು ಅರ್ಜಿ ಹಾಕುವ ವರ್ಷ ದಂಡ ಕಟ್ಟಿಕೊಂಡು ಓಡಾಡುತ್ತವೆ. ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣ ಬೇಕೆಂದರೆ ಆದಾಯ ತೆರಿಗೆ ವಿನಾಯಿತಿಯ 12ಎ, 80ಜಿ ನೋಂದಣಿಯ ಜೊತೆಗೆ ಸಿಎಸ್‌ಆರ್-1 ಅರ್ಜಿ ಸಲ್ಲಿಸಿ ಸಂಖ್ಯೆ ಪಡೆದಿರಬೇಕು, 2021ರ ಏಪ್ರಿಲ್‌ನಿಂದ ಅದು ಕಡ್ಡಾಯ.

ನಿಮ್ಮ ತಂಡ ಈಗಾಗಲೇ ನೋಂದಾಯಿತವಾಗಿದ್ದರೆ ಹೊಸದೇಕೆ? ಹಳೆಯ ಸಂಘದ ಆಡಿಟ್ ವರದಿಗಳಿಗೆ ಬೆಲೆ ಇದೆ, ಹೊಸ ಟ್ರಸ್ಟಿನ ಹತ್ತಿರ ಅವು ಇರುವುದಿಲ್ಲ. ಈ ವಾರ ಖಜಾಂಚಿಯನ್ನು ಕೇಳಿ ಕಳೆದ ಮೂರು ವರ್ಷದ ಆಡಿಟ್ ಪ್ರತಿ, ನವೀಕರಣದ ರಸೀದಿ, ಬೈಲಾ, ಸಂಘದ ಪ್ಯಾನ್ ನಾಲ್ಕನ್ನೂ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಅರ್ಜಿ ರಾಜ್ಯ ಸರ್ಕಾರದ ಸೇವಾಸಿಂಧು ಪೋರ್ಟಲ್‌ನಲ್ಲಿ ತೆರೆದಾಗ ಹುಡುಕಾಡುವಷ್ಟು ಸಮಯ ಇರುವುದಿಲ್ಲ.