ಪ್ರಬಂಧ ಬರೆದಾಯ್ತು, ಬರೆದ ಬಗೆಯನ್ನು ಬರೆಯುವುದು ಹೇಗೆ?

ಪ್ರಶ್ನೆ: ಮುಂಬಯಿಯಲ್ಲೇ ಹುಟ್ಟಿ ಬೆಳೆದವಳು, ಈಗ ಕನ್ನಡ ಎಂ.ಎ. ಓದುತ್ತಿದ್ದೇನೆ. ನಮ್ಮ ಮನೆಯವರ ಬಗ್ಗೆ ಒಂದು ಪ್ರಬಂಧ ಬರೆದೆ. ಅದನ್ನು ಹೇಗೆ ಬರೆದೆ ಎಂದು ಇನ್ನೆರಡು ಪುಟ ಬರೆದುಕೊಡಬೇಕಂತೆ. 'ಯೋಚಿಸಿದೆ, ಬರೆದೆ, ತಿದ್ದಿದೆ' ಎಂಬುದರಾಚೆ ಏನೂ ಹೊಳೆಯುತ್ತಿಲ್ಲ. ಅನುಭವ ಇದ್ದವರು ಹೇಳಿ.

ಘಾಟ್ಕೋಪರ್‌ನಿಂದ: 'ತಿದ್ದಿದೆ' ಅಂದಿರಲ್ಲ, ಅಲ್ಲಿಂದಲೇ ಹಿಡಿಯಿರಿ. ಯಾವ ಸಾಲು ತೆಗೆದಿರಿ, ಯಾಕೆ ತೆಗೆದಿರಿ ಎಂದು ಕೇಳಿಕೊಳ್ಳುತ್ತಾ ಹೋದರೆ ಎರಡು ಪುಟ ಸಾಲುವುದಿಲ್ಲ.

ನಾನು 2005ರ ಜುಲೈ 26ರ ಮಳೆಯ ಬಗ್ಗೆ ಬರೆದಿದ್ದೆ. ಅಪ್ಪ ಆಗ ಫೋರ್ಟಿನ ಹೋಟೆಲೊಂದರಲ್ಲಿ ಗಲ್ಲಾದಲ್ಲಿ ಕೂರುತ್ತಿದ್ದರು. ಮೊದಲ ಕರಡು ಶುರುವಾದದ್ದು 'ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ' ಎಂದು. ಆ ರಾತ್ರಿ ನಮ್ಮ ಮನೆಯಲ್ಲಿ ಆ ಅಂಕಿ ಯಾರಿಗೆ ಗೊತ್ತಿತ್ತು? ಕರೆಂಟಿಲ್ಲ, ಫೋನು ಸಿಗುತ್ತಿಲ್ಲ, ಅಮ್ಮ ಚಾಳಿನ ಗ್ಯಾಲರಿಯಲ್ಲಿ ನಿಂತು ದಾರಿ ಕಾಯುತ್ತಿದ್ದಳು. ಅವಳ ಪಕ್ಕದಲ್ಲಿ ನಿಂತಿದ್ದ ನಾನು ಅವಳಿಗೆ ಗೊತ್ತಿಲ್ಲದ್ದನ್ನು ಹೇಗೆ ಹೇಳಲಿ? ತೆಗೆದೆ.

ಆದರೆ ಅದೇ ದಿನ ಫೋರ್ಟಿನ ಪಕ್ಕದ ಕೊಲಾಬಾದಲ್ಲಿ ಬಿದ್ದದ್ದು ಬರೀ 73 ಮಿಲಿಮೀಟರ್ ಎಂದು ಓದಿದಾಗ ಮೈ ಜುಮ್ಮೆಂದಿತು. ಅಂಥ ಮಳೆಯಲ್ಲಿ ಯಾಕೆ ಹೊರಟಿರಿ ಎಂದು ಅಮ್ಮ ಇವತ್ತಿಗೂ ಅಪ್ಪನನ್ನು ಬೈಯುತ್ತಾಳೆ. ಫೋರ್ಟಿನಲ್ಲಿ ಅದು ಅಂಥ ಮಳೆ ಆಗಿರಲೇ ಇಲ್ಲ! ಅಪ್ಪ ಎಂದಿನಂತೆ ಲೋಕಲ್ ಹತ್ತಿದರು. ಮೀಠಿ ನದಿ ಉಕ್ಕಿ ಕುರ್ಲಾಕ್ಕೆ ನುಗ್ಗಿದ್ದು ತಿಳಿದದ್ದು ಗಾಡಿ ನಿಂತ ಮೇಲೆ. ಆ 73ನ್ನು ಉಳಿಸಿಕೊಂಡೆ, ಅಪ್ಪನ ಪರವಾಗಿ ಮಾತಾಡಲು ಅದೊಂದೇ ಇತ್ತು. ಮಳೆಯ ಪ್ರಬಂಧ ಅವರಿಬ್ಬರ ಹಳೇ ಜಗಳದ ಪ್ರಬಂಧವಾದದ್ದು ಅಲ್ಲಿಂದ. ಒಂದು ಅಂಕಿ ಯಾಕೆ ಹೋಯಿತು, ಇನ್ನೊಂದು ಯಾಕೆ ಉಳಿಯಿತು ಎಂಬುದನ್ನೇ ನಾನು ಬರೆದುಕೊಟ್ಟೆ.

ಡೊಂಬಿವಲಿಯಿಂದ: ಮೇಲಿನವರು ಹೇಳಿದ್ದು ಸರಿ, ಅದಕ್ಕೆ ಹಳೇ ಕರಡು ಕೈಯಲ್ಲಿರಬೇಕು. ನಾನು ಲೋಕಲ್‌ನಲ್ಲಿ ಕೂತು ಮೊಬೈಲಿನಲ್ಲೇ ಬರೆಯುವುದು. ತಿದ್ದುವ ಮೊದಲು ಇಡೀ ಬರಹ ಕಾಪಿ ಮಾಡಿ, ತಾರೀಕು ಹಾಕಿ ಬೇರೆ ಇಡುತ್ತೇನೆ. ಇಲ್ಲದಿದ್ದರೆ ಆಮೇಲೆ ನೆನಪಿನಿಂದ ಬರೆದದ್ದು ನಡೆದದ್ದಕ್ಕಿಂತ ಎಷ್ಟೋ ನೀಟಾಗಿಬಿಡುತ್ತದೆ.

ಮಾಟುಂಗದಿಂದ: ತಂಗೀ, ಮನೆಯವರ ಬಗ್ಗೆ ಬರೆದೆ ಅಂದೆಯಲ್ಲ, ಅವರಿಗೆ ಓದಿ ಹೇಳಿದೆಯಾ? ನಮ್ಮ ಅತ್ತೆಯ ಬಗ್ಗೆ ನಾನು ಬರೆದದ್ದನ್ನು ಅವರ ಮುಂದೆ ಓದಿದೆ. ಪೂರ್ತಿ ಕೇಳಿಸಿಕೊಂಡು, ಒಂದು ಸಂಗತಿ ಮಾತ್ರ 'ಅದು ಬೇಡ' ಅಂದರು. ಬರಹಕ್ಕೆ ಅದೇ ಜೀವ ಅಂತ ನನಗನ್ನಿಸಿತ್ತು, ಆದರೂ ತೆಗೆದೆ. ಟಿಪ್ಪಣಿಯಲ್ಲಿ 'ಅತ್ತೆ ಬೇಡವೆಂದದ್ದನ್ನು ಬಿಟ್ಟಿದ್ದೇನೆ' ಅಂತಷ್ಟೇ ಬರೆದೆ, ಏನೆಂದು ಬರೆಯಲಿಲ್ಲ. ಮೇಷ್ಟ್ರು ಕೇಳಿದರೂ ಹೇಳಬೇಕಾಗಿಲ್ಲ. ಕೊಡುವ ಮೊದಲು ಒಂದು ಭಾನುವಾರ ಮನೆಯವರನ್ನೆಲ್ಲ ಕೂರಿಸಿಕೊಂಡು ಓದು.